ಬಾಣಂತನವೂ ಚಿತ್ರಕಥೆಯ ಕಂತೂ

ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಗುಬ್ಬಿ, ನಿಟ್ಟೂರು, ಸಂಪಿಗೆ ರೋಡುಗಳನ್ನು ಕಳೆದ ಮೇಲೆ ಬರುವ ಅಮ್ಮಸಂದ್ರವು ಹೊರಗಿನವರಿಗೆ ಸಿಮೆಂಟು ಕಾರ್ಖಾನೆಯ ಊರೆಂದೂ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ನಮಗೆ ತೆಂಗಿನ ಸೀಮೆಯ ಒಂದು ಬಾಗಿಲೆಂದೂ ಪರಿಚಿತವಾದುದು. ಆದರೆ ಅಲ್ಲಿ ಇಳಿಯುವ ಹೆಣ್ಣುಮಕ್ಕಳಲ್ಲಿ ಬಹುಮಂದಿಗೆ ಅದು ತವರಿನ ನಿಲ್ದಾಣ. ಚೊಚ್ಚಲ ಹೆರಿಗೆಯು ತವರಿನಲ್ಲಿಯೇ ಆಗತಕ್ಕದ್ದೆಂಬ ವಾಡಿಕೆ ಇನ್ನೂ ಅಳಿಯದಿರುವ ಈ ಪ್ರಾಂತಕ್ಕೆ, ಸೀಮಂತವನ್ನು ಮುಗಿಸಿಕೊಂಡು ಬರುವ ಮಗಳ ಸಾಮಾನಿನಲ್ಲಿ, ಸೀರೆ ಕುಪ್ಪಸಗಳ ನಡುವೆ ಚಿತ್ರ ಬಿಡಿಸುವ ಟ್ಯಾಬ್ಲೆಟ್ಟೊಂದು ಇದ್ದರೆ ಈಗ ಯಾರೂ ಬೆರಗಾಗಬೇಕಾದುದಿಲ್ಲ. ಆಕೆ ವಾರಕ್ಕೊಂದು ಕಂತಿನಂತೆ ಅಂತರ್ಜಾಲದಲ್ಲಿ ಚಿತ್ರಕಥೆಯೊಂದನ್ನು ಹೆಣೆದು, ಬಿಡಿಸಿ, ಪ್ರಕಟಿಸುವವಳೆನ್ನಿ. ಅದರ ನಾಯಕಿ ಕಳೆದ ಕಂತಿನಲ್ಲಿ ಪಾಳುಬಾವಿಯೊಂದರ ಮೆಟ್ಟಿಲಿಳಿಯುತ್ತಿದ್ದಳೆನ್ನಿ. ಕೆಳಗೆ ಏನಿದೆಯೋ ಎಂದು ಓದುಗರು ಕಾದು ಕುಳಿತಿದ್ದಾರೆನ್ನಿ. ಅಷ್ಟರಲ್ಲಿ ಕೂಸು ಹುಟ್ಟಿತು. ಮೆಟ್ಟಿಲ ನಡುವೆ ನಿಂತ ನಾಯಕಿಯ ಗತಿಯೇನು?

ಈ ಪ್ರಶ್ನೆಯನ್ನು ಎತ್ತುವವರೆಲ್ಲರೂ ಅದನ್ನು ಬಾಣಂತಿಯ ಮುಂದೆಯೇ ಇಡುತ್ತಾರೆ. ಎರಡನ್ನೂ ಹೇಗಮ್ಮ ಸರಿದೂಗಿಸುತ್ತೀಯೆ ಎಂದು ಕೆಲವರು ಮೆಚ್ಚುಗೆಯಿಂದಲೂ, ಕೆಲವರು ಸಂದೇಹದಿಂದಲೂ, ಕೆಲವರು ಉತ್ತರವನ್ನು ತಾವೇ ಕೊಟ್ಟುಕೊಂಡವರ ಧಾಟಿಯಲ್ಲಿಯೂ ಕೇಳುತ್ತಾರೆ. ನನಗೆ ತೋರುವ ಮಟ್ಟಿಗೆ ಇದು ಬಾಣಂತಿಗೆ ಕೇಳತಕ್ಕ ಪ್ರಶ್ನೆಯೇ ಅಲ್ಲ. ಕಂತು ನಿಲ್ಲತಕ್ಕದ್ದು, ನಾಚಿಕೆಯಿಲ್ಲದೆ, ಕ್ಷಮಾಯಾಚನೆಯಿಲ್ಲದೆ ನಿಲ್ಲತಕ್ಕದ್ದು. ನಿಂತ ಕಂತು ಮರಳಿ ಹೊರಡುವುದಕ್ಕೆ ಬೇಕಾಗುವ ಅನುಕೂಲಗಳನ್ನು ಒದಗಿಸುವ ಹೊಣೆಯಾದರೋ ಆಕೆಯ ಮನೆಯವರದು, ಓದುಗರದು, ಪ್ರಕಾಶಕರದು, ಸ್ವಲ್ಪಮಟ್ಟಿಗೆ ಸರ್ಕಾರದ್ದು.

ಚಿತ್ರಕಥೆಯೆಂದರೆ ಮಕ್ಕಳ ವಿನೋದವೆಂದು ತಿಳಿದವರಿಗೆ ಇಷ್ಟು ದೊಡ್ಡ ಮಾತು ಅತಿಶಯವೆಂದು ತೋರಬಹುದಾದ್ದರಿಂದ, ಈ ಕಸುಬಿನ ಸ್ವರೂಪವನ್ನು ಮೊದಲು ಹೇಳಬೇಕು. ಕನ್ನಡಕ್ಕೆ ಇದು ಹೊಸದಲ್ಲ. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ ಚಿತ್ರದೊಡನೆ ಕಥೆಯೋದುವ ರುಚಿಯನ್ನು ಹಳ್ಳಿಹಳ್ಳಿಗೂ ಹತ್ತಿಸಿತು. ಭಾರತದಲ್ಲೆಲ್ಲ ಹೆಸರಾದ ‘ಅಮರ ಚಿತ್ರಕಥೆ’ಯ ಮೊಟ್ಟಮೊದಲ ಸಂಚಿಕೆಗಳಾದರೋ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದ ಫಲವಾಗಿ, 1965ರಲ್ಲಿ ಹೊರಬಂದುದು ಕನ್ನಡದಲ್ಲಿಯೇ. ಆದರೆ ಆ ಕಾಲದ ಪುಸ್ತಕಗಳಲ್ಲಿ ಕಥೆ ಬರೆಯುವವನು ಒಬ್ಬ, ಚಿತ್ರ ಬಿಡಿಸುವವನು ಮತ್ತೊಬ್ಬ, ಅಕ್ಷರ ಕೂರಿಸುವವನು ಇನ್ನೊಬ್ಬ, ಇವರೆಲ್ಲರ ಮೇಲೆ ಸಂಪಾದಕ, ಅವನಾಚೆಗೆ ಮುದ್ರಣಾಲಯ. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬನು ಒದಗುತ್ತಿದ್ದನು. ವೆಬ್‌ಕಾಮಿಕ್ ಎಂದು ಈಗ ಕರೆಯಲ್ಪಡುವ ಅಂತರ್ಜಾಲದ ಚಿತ್ರಕಥೆಯಲ್ಲಿ ಈ ಸಕಲ ವೃತ್ತಿಗಳೂ ಬಹುಧಾ ಒಬ್ಬಳೇ ವ್ಯಕ್ತಿಯಲ್ಲಿ ಬಂದು ಸೇರಿರುತ್ತವೆ. ಕಥೆಯನ್ನು ಕಟ್ಟುವುದು, ಅದನ್ನು ಚೌಕಗಳಾಗಿ ಹಂಚುವುದು, ಕರಡು ಗೆರೆ, ಅದರ ಮೇಲೆ ನಿಶ್ಚಿತವಾದ ಕಪ್ಪುಗೆರೆ, ಬಣ್ಣ, ಮಾತಿನ ಗುಳ್ಳೆ, ಗುಳ್ಳೆಯೊಳಗಿನ ಅಕ್ಷರ, ಕೊನೆಗೆ ಪ್ರಕಟಣೆ, ಓದುಗರಿಗೆ ಉತ್ತರ: ಎಲ್ಲವೂ ಆಕೆಯದೇ. ಕನ್ನಡದಲ್ಲಿ ಬರೆಯುವವಳಿಗೆ ಇನ್ನೂ ಒಂದು ತೊಡಕುಂಟು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಬೀಳುವುದರಿಂದ ಮಾತಿನ ಗುಳ್ಳೆಯು ಇಂಗ್ಲಿಷಿನದಕ್ಕಿಂತ ಹೆಚ್ಚು ಎಡೆಯನ್ನು ಬೇಡುತ್ತದೆ. ಚಿತ್ರ ಬಿಡಿಸುವ ಕೆಲವು ತಂತ್ರಾಂಶಗಳಲ್ಲಿ ಅವು ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣುವುದರಿಂದ ಕೈಬರಹದಲ್ಲಿಯೇ ಬರೆದು ಮುಗಿಸಬೇಕಾಗುವ ಪ್ರಸಂಗವೂ ಒದಗುತ್ತದೆ. ಬೆರಳಿನಿಂದ ಒಂದು ನಿಮಿಷದಲ್ಲಿ ಜಾರಿಸಿ ಓದಿಬಿಡುವ ಕಂತಿನ ಹಿಂದೆ ಎಷ್ಟು ಹೊತ್ತಿನ ದುಡಿಮೆಯಿದೆಯೆಂಬುದು ಓದುವವನಿಗೆ ಹೊಳೆಯದಿರುವುದೇ ಆ ಕಲೆಯ ಗೆಲುವೂ ಹೌದು, ಅದನ್ನು ಮಾಡುವವಳ ದುರ್ದೈವವೂ ಹೌದು.

ಈಗ ಕೂಸಿನ ಕಡೆಗೆ ಬರೋಣ. ಹಸುಗೂಸು ದಿವಾರಾತ್ರಿಗಳ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಎಂಟರಿಂದ ಹನ್ನೆರಡು ಸಲ ಮೊಲೆಹಾಲನ್ನು ಬೇಡುತ್ತದೆ. ಮೊದಲ ಆರು ತಿಂಗಳು ಎದೆಹಾಲಿನ ಹೊರತು ಬೇರೇನೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದುದರಿಂದ ಈ ಕರ್ತವ್ಯವನ್ನು ಇನ್ನೊಬ್ಬರಿಗೆ ವಹಿಸುವುದು ಸುಲಭವಲ್ಲ. ಕೂಸು ದಿನದಲ್ಲಿ ಬಹುಪಾಲು ನಿದ್ರಿಸುವುದಾದರೂ ಆ ನಿದ್ರೆಯು ಎರಡು ಮೂರು ಗಂಟೆಗಳ ತುಣುಕುಗಳಾಗಿ ಒಡೆದಿರುವುದರಿಂದ ತಾಯಿಯ ಎಚ್ಚರವೂ ಹಾಗೆಯೇ ತುಣುಕಾಗುತ್ತದೆ. ಕಥೆಗಾರ್ತಿಗೆ ಈ ತುಣುಕುಗಳಿಂದ ಅಷ್ಟಿಷ್ಟು ಪ್ರಯೋಜನವುಂಟು. ನಾಯಕಿ ಬಾವಿಯ ತಳದಲ್ಲಿ ಏನನ್ನು ಕಾಣುತ್ತಾಳೆಂಬುದನ್ನು ಮೊಲೆಯೂಡಿಸುತ್ತಲೇ ಯೋಚಿಸಬಹುದು. ನಮ್ಮ ಹಿಂದಿನ ಹೆಂಗಸರು ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಹಗ್ಗ ಹಿಡಿದು ಪದ ಕಟ್ಟಿದುದೂ ಹೀಗೆಯೇ, ಕೈ ಒಂದು ಕೆಲಸದಲ್ಲಿರಲು ಬಾಯಿ ಇನ್ನೊಂದರಲ್ಲಿ. ಚಿತ್ರಕ್ಕೆ ಈ ಸೌಭಾಗ್ಯವಿಲ್ಲ. ಗೆರೆಗೆ ಕೈ ಬೇಕು, ಕೈ ನಡುಗದಿರಬೇಕು, ಒಂದು ಮುಖದ ಭಾವವನ್ನು ಹಿಡಿಯುವ ತನಕ ಕಣ್ಣು ಬೇರೆಡೆಗೆ ಹೋಗದಿರಬೇಕು. ಅರ್ಧಕ್ಕೆ ಎದ್ದುಹೋಗಿ ಮತ್ತೆ ಬಂದು ಕುಳಿತಾಗ ಅದೇ ಗೆರೆ ಮರಳಿ ಸಿಕ್ಕುವುದೆಂಬ ಭರವಸೆಯಿಲ್ಲ.

ಇದರ ಮೇಲೆ ಶರೀರವು ತನ್ನದೇ ಒಂದು ತಡೆಯನ್ನು ಒಡ್ಡುತ್ತದೆ. ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ಹಾಯುವ ಸ್ನಾಯುರಜ್ಜುಗಳ ಕವಚವು ಊದಿಕೊಂಡು, ಹೆಬ್ಬೆರಳನ್ನು ಅಲುಗಿಸಿದರೆ ಪ್ರಾಣ ಹೋದಂತಾಗುವ ವ್ಯಾಧಿಯೊಂದುಂಟು. 1895ರಲ್ಲಿ ಅದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನನ ಹೆಸರಿನಿಂದ ವೈದ್ಯರು ಅದನ್ನು ಕರೆಯುತ್ತಾರೆ. ಕೂಸನ್ನು ಕಂಕುಳಿಗೆ ಕೈಕೊಟ್ಟು ದಿನಕ್ಕೆ ಹತ್ತಾರು ಸಲ ಎತ್ತುವ ಹೊಸ ತಾಯಂದಿರಲ್ಲಿ ಅದು ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮೊದಲ ಚಿಕಿತ್ಸೆ ಕೈಗೆ ವಿಶ್ರಾಂತಿ. ಲೇಖನಿ ಹಿಡಿಯುವ ಕೈಯೇ ಕೂಸನ್ನೆತ್ತುವ ಕೈಯಾದವಳಿಗೆ ಈ ವಿಶ್ರಾಂತಿಯನ್ನು ಯಾವ ಪಾಲಿನಿಂದ ಕಳೆಯುವುದೆಂಬ ಲೆಕ್ಕ ಬಹಳ ಕಠಿನವಾದುದಲ್ಲ. ಕೂಸನ್ನು ಎತ್ತದೆ ಇರಲಾಗದು.

ನಮ್ಮ ಹಿರಿಯರು ಇದೆಲ್ಲಕ್ಕೂ ವೈದ್ಯಶಾಸ್ತ್ರದ ಹಂಗಿಲ್ಲದೆ ಒಂದು ವ್ಯವಸ್ಥೆಯನ್ನು ಕಂಡುಕೊಂಡಿದ್ದರು. ಅದಕ್ಕೆ ಬಾಣಂತನವೆಂದು ಹೆಸರು. ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ತಲೆಗೆ ಕಟ್ಟಿದ ಬಟ್ಟೆ, ಕಿವಿಗಿಟ್ಟ ಹತ್ತಿ, ಮೆಣಸಿನ ಸಾರು, ಕೊಬ್ಬರಿ ಬೆಲ್ಲದೊಡನೆ ಕಟ್ಟಿದ ಅಂಟಿನುಂಡೆ: ಇವುಗಳಲ್ಲಿ ಯಾವುದು ಹಿತ, ಯಾವುದು ಬರಿಯ ರೂಢಿ ಎಂಬುದನ್ನು ವೈದ್ಯರು ಹೇಳಲಿ. ನಾನು ಗಮನಿಸಬಯಸುವುದು ಆ ವ್ಯವಸ್ಥೆಯ ಹೃದಯದಲ್ಲಿರುವ ತತ್ತ್ವವನ್ನು. ಮೂರು ತಿಂಗಳೋ ಐದು ತಿಂಗಳೋ ಆ ಹೆಣ್ಣಿನಿಂದ ಮನೆಗೆ ಏನೂ ಸಲ್ಲಬೇಕಾದುದಿಲ್ಲ. ಮನೆಯಿಂದಲೇ ಆಕೆಗೆ ಎಲ್ಲವೂ ಸಲ್ಲಬೇಕು. ದುಡಿಮೆಯನ್ನು ಬಿಟ್ಟರೆ ಹೆಣ್ಣಿಗೆ ಬೆಲೆಯನ್ನೇ ಕಾಣದ ಸಮಾಜವೊಂದು ತನ್ನ ಕಟ್ಟುಪಾಡಿನ ನಡುವೆ ಇಷ್ಟು ಉದಾರವಾದ ರಜೆಯನ್ನು ಹೇಗೆ ಒಪ್ಪಿಕೊಂಡಿತೋ ನನಗೆ ಸೋಜಿಗ. ಈ ರಜೆ ಎಲ್ಲರಿಗೂ ಸಮವಾಗಿ ದೊರೆಯುತ್ತಿರಲಿಲ್ಲವೆಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳಬೇಕು. ಅಟ್ಟದ ತುಂಬ ಕಾಯಿಯಿದ್ದ ಮನೆಯ ಮಗಳು ಐದು ತಿಂಗಳು ಬೆಚ್ಚಗೆ ಮಲಗಿದ್ದಾಗ, ಅದೇ ತೋಟದಲ್ಲಿ ಕಾಯಿ ಹೊರುತ್ತಿದ್ದ ಕೂಲಿಯ ಹೆಂಗಸು, ಮಟ್ಟೆಯ ನಾರು ಬಿಡಿಸುತ್ತಿದ್ದ ಹೆಂಗಸು, ಕೂಸನ್ನು ಮರದ ನೆರಳಿನ ಜೋಲಿಯಲ್ಲಿ ಮಲಗಿಸಿ ಬಹುಬೇಗ ಕೆಲಸಕ್ಕೆ ಮರಳುತ್ತಿದ್ದಳು. ತತ್ತ್ವ ಒಳ್ಳೆಯದು, ಹಂಚಿಕೆ ಕೆಟ್ಟದ್ದು.

ಅಂತಹ ಬಾಣಂತಿಕೋಣೆಯಲ್ಲಿ, ಕೂಸು ಮಲಗಿದ ಹೊತ್ತಿನಲ್ಲಿ, ನಮ್ಮ ಚಿತ್ರಗಾರ್ತಿ ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ಇರಿಸಿಕೊಂಡಳೆಂದರೆ ಬಾಗಿಲಿನಿಂದ ಅಮ್ಮನ ದನಿ ಬಾರದಿರದು: “ಆ ಬೆಳಕು ನೋಡ್‌ಬ್ಯಾಡ ಕಣವ್ವ, ಹಸಿ ಬಾಣಂತಿ, ಕಣ್ಣು ಹೋಗ್ತವೆ.” ಮಗಳು “ಒಂದೇ ಒಂದು ಚೌಕ ಕಣಮ್ಮ, ಮುಗಿಸಿಬಿಡ್ತೀನಿ” ಎನ್ನುತ್ತಾಳೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಕಣ್ಣು ಹೋಗುತ್ತದೆಂಬ ಅಮ್ಮನ ಕಾರಣವನ್ನು ವಿಜ್ಞಾನವು ಒಪ್ಪದಿದ್ದರೂ, ಮಗಳು ಈಗ ಯಾರಿಗೂ ಏನನ್ನೂ ಸಲ್ಲಿಸಬೇಕಾದುದಿಲ್ಲವೆಂಬ ಆಕೆಯ ನಿಲುವು ಸರಿಯಾದುದು. ಮಗಳಾದರೋ ಓದುಗರಿಗೆ ಅಂಜಿ ಮಾತ್ರವೇ ಲೇಖನಿಯನ್ನು ಹಿಡಿದವಳಲ್ಲ. ಹತ್ತು ವರ್ಷದಿಂದ ತಾನು ಯಾರೆಂಬುದನ್ನು ಯಾವುದರಿಂದ ಅರಿತಿದ್ದಳೋ ಅದು ಹತ್ತೇ ದಿನಗಳಲ್ಲಿ ಕೈಬಿಟ್ಟುಹೋದಂತೆ ತೋರಿದಾಗ, ಒಂದು ಚೌಕದಷ್ಟಾದರೂ ಅದನ್ನು ಹಿಡಿದುಕೊಳ್ಳುವ ಆಸೆ ಆಕೆಯದು. ಆಸೆಯಿಂದ ಬಿಡಿಸುವ ಚೌಕಕ್ಕೂ ಭಯದಿಂದ ಬಿಡಿಸುವ ಚೌಕಕ್ಕೂ ಇರುವ ಭೇದವನ್ನು ಮನೆಯವರು ಕಂಡುಕೊಂಡರೆ ಸಾಕು. ಮೊದಲನೆಯದಕ್ಕೆ ದೀಪ ಹಾಕಿಕೊಡಬೇಕು, ಎರಡನೆಯದನ್ನು ಕೈಯಿಂದ ತೆಗೆದಿಡಬೇಕು.

ವಿಶ್ರಾಂತಿಯ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕನ್ನಡ ಸಾಹಿತ್ಯದಲ್ಲಿಯೇ ಒಂದು ದಾರುಣವಾದ ಕಾರಣವಿದೆ. ತ್ರಿವೇಣಿಯೆಂಬ ಹೆಸರಿನಿಂದ ಬರೆದ ಅನಸೂಯಾ ಶಂಕರರು 1928ರಲ್ಲಿ ಮಂಡ್ಯದಲ್ಲಿ ಹುಟ್ಟಿದವರು. ಮನಶ್ಶಾಸ್ತ್ರವನ್ನು ಅಭ್ಯಸಿಸಿ, ಹತ್ತೇ ವರ್ಷಗಳ ಅವಧಿಯಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಬರೆದವರು. ಹೆರಿಗೆಯ ತರುವಾಯ ಹೆಣ್ಣಿನ ಚಿತ್ತ ಕದಡುವುದುಂಟು, ಅದು ರೋಗವೇ ಹೊರತು ದೆವ್ವವೂ ಅಲ್ಲ, ನಡತೆಗೇಡೂ ಅಲ್ಲ ಎಂಬ ಸಂಗತಿಯನ್ನು ‘ಶರಪಂಜರ’ದ ಕಾವೇರಿಯ ಮೂಲಕ ಕನ್ನಡದ ಮನೆಮನೆಗೂ ಮುಟ್ಟಿಸಿದವರು ಅವರು, 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲೆ ಓದು ಬಾರದವರೂ ಕಾವೇರಿಯನ್ನು ಅರಿತರು. ರೋಗ ವಾಸಿಯಾಗಿ ಬಂದವಳನ್ನು ಹುಚ್ಚಿಯೆಂದೇ ಕಾಣುವ ಮನೆಯೇ ಆಕೆಯನ್ನು ಮತ್ತೆ ಕೆಡಹುತ್ತದೆಂಬುದು ಆ ಕಥೆಯ ಕಟುಸತ್ಯ. ಬಾಣಂತಿಯ ಮನಸ್ಸನ್ನು ಇಷ್ಟು ಬಲ್ಲವರಾಗಿದ್ದ ಆ ಲೇಖಕಿಯೇ, 1963ರ ಜುಲೈ ತಿಂಗಳಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಇನ್ನೂ ಮೂವತ್ತೈದು ತುಂಬದ ವಯಸ್ಸಿನಲ್ಲಿ ತೀರಿಕೊಂಡರು. ಅವರ ‘ಅವಳ ಮನೆ’ ಅಪೂರ್ಣವಾಗಿ ಉಳಿಯಿತು, ಎಂ. ಸಿ. ಪದ್ಮಾ ಅವರು ಅದನ್ನು ಪೂರ್ಣಗೊಳಿಸಿದರು. ಅವರ ಮರಣಕ್ಕೂ ಬರವಣಿಗೆಗೂ ಸಂಬಂಧವನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ, ಅದು ಅನ್ಯಾಯವಾದೀತು. ಹೆರಿಗೆಯ ಅನಂತರದ ವಾರಗಳು ಶರೀರಕ್ಕೂ ಚಿತ್ತಕ್ಕೂ ಇಂದಿಗೂ ಗಂಡಾಂತರದ ವಾರಗಳೆಂಬುದನ್ನು, ವಾರದ ಕಂತೊಂದು ತಪ್ಪಿತೆಂದು ಮುನಿಯುವ ಓದುಗನಿಗೆ ನೆನಪಿಸುವುದಷ್ಟೇ ನನ್ನ ಕೆಲಸ.

ಅಷ್ಟಕ್ಕೂ ಈ ವಾರದ ಕಟ್ಟು ಬಂದುದಾದರೂ ಎಲ್ಲಿಂದ? ‘ಸುಧಾ’ 1965ರಲ್ಲಿ ಹುಟ್ಟಿದ ಪತ್ರಿಕೆ, ‘ತರಂಗ’ 1983ರಲ್ಲಿ. ಇಂತಹ ವಾರಪತ್ರಿಕೆಗಳ ಧಾರಾವಾಹಿಗಳಿಗೆ ಅಂಟಿಕೊಂಡು ಬೆಳೆದ ಓದುಗರ ವಂಶ ನಮ್ಮದು. ಮುದ್ರಣಾಲಯದಲ್ಲಿ ಯಂತ್ರವು ಗೊತ್ತಾದ ದಿನ ತಿರುಗಬೇಕು. ಗೊತ್ತಾದ ಪುಟಗಳು ತುಂಬಿರಬೇಕು. ಕಟ್ಟುಗಳು ಗೊತ್ತಾದ ರೈಲಿಗೆ ಏರಬೇಕು. ಧಾರಾವಾಹಿಯ ಕಂತು ತಪ್ಪಿದರೆ ಪುಟವೊಂದು ಬಿಳಿಯಾಗಿ ಉಳಿಯುವ ಭಯವಿದ್ದುದರಿಂದ ಸಂಪಾದಕನು ಲೇಖಕಿಯ ಬೆನ್ನುಹತ್ತುತ್ತಿದ್ದನು, ಅದರಲ್ಲಿ ಅರ್ಥವಿತ್ತು. ಅಂತರ್ಜಾಲಕ್ಕೆ ತುಂಬಬೇಕಾದ ಪುಟವಿಲ್ಲ, ಕಾಯುವ ಯಂತ್ರವಿಲ್ಲ, ತಪ್ಪಿಹೋಗುವ ರೈಲಿಲ್ಲ. ಹುಣ್ಣಿಮೆಗೊಂದು, ಸಂಕ್ರಾಂತಿಗೊಂದು ಕಂತನ್ನು ಪ್ರಕಟಿಸಿದರೂ ಅದರ ಗೋಡೆ ಬಿರುಕು ಬಿಡುವುದಿಲ್ಲ. ಹೀಗೆ ನೋಡಿದರೆ ಹೊಸ ತಾಯಿಗೆ ಅತ್ಯಂತ ಅನುಕೂಲವಾಗಬೇಕಾದ ಮಾಧ್ಯಮವಿದು. ಆದರೂ ಯಂತ್ರದ ಬಲಾತ್ಕಾರವೆಲ್ಲ ಮಾಯವಾದ ಮೇಲೆಯೂ ವಾರದ ಸಂಕೋಲೆ ಮಾತ್ರ ಉಳಿದುಕೊಂಡಿತು, ಉಳಿದುಕೊಂಡುದಲ್ಲದೆ ಬಿಗಿಯಾಯಿತು. ದಕ್ಷಿಣ ಕೊರಿಯದ ನೇವರ್ ಸಂಸ್ಥೆಯು 2004ರಲ್ಲಿ ಆರಂಭಿಸಿದ ವೆಬ್‌ಟೂನ್ ಎಂಬ ವೇದಿಕೆಯಲ್ಲಿ ಧಾರಾವಾಹಿಗಳನ್ನು ಸೋಮವಾರದವು, ಮಂಗಳವಾರದವು ಎಂದು ವಾರದ ದಿನಗಳಿಗೇ ಹಂಚಿಡಲಾಗಿದೆ. ಇನ್‌ಸ್ಟಾಗ್ರಾಮಿನಂತಹ ತಾಣಗಳಲ್ಲಿ ಕಂತು ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ಗಣಕದ ಗುಪ್ತಗಣಿತವು ನಿಶ್ಚಯಿಸುವುದರಿಂದ, ಕೆಲವು ತಿಂಗಳು ಮೌನವಾಗಿದ್ದವಳು ಮರಳಿ ಬಂದಾಗ ತನ್ನ ಓದುಗರನ್ನೇ ಮತ್ತೆ ಹುಡುಕಿಕೊಳ್ಳಬೇಕಾದೀತೆಂಬ ಅಂಜಿಕೆ ಸಹಜವಾದುದು. ಹಳೆಯ ಸಂಪಾದಕನಿಗಾದರೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು. ಕಾಗದ ಬರೆದು ಕೇಳಿಕೊಂಡರೆ ಆತನು ಕರಗುತ್ತಿದ್ದನು.

ಸಾಹಸದ ಕಥೆಗಳು ಈ ಅಂಜಿಕೆಗೆ ಇನ್ನಷ್ಟು ನೀರೆರೆಯುತ್ತವೆ. ಜಪಾನಿನ ಹಿರೋಮು ಅರಕಾವಾ ಎಂಬ ಪ್ರಸಿದ್ಧ ಚಿತ್ರಕಥೆಗಾರ್ತಿಯು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಎಂಬ ತಮ್ಮ ಮಾಸಿಕ ಧಾರಾವಾಹಿಯನ್ನು 2001ರಿಂದ 2010ರ ವರೆಗೆ ನಡೆಸಿದರು. ಅದರ ನಡುವೆಯೇ, ಧಾರಾವಾಹಿಯನ್ನು ನಿಲ್ಲಿಸದೆ, ಮಗುವಿನ ತಾಯಿಯಾದರು. ಅವರ ದಾರ್ಢ್ಯಕ್ಕೆ ತಲೆಬಾಗುತ್ತೇನೆ. ಆದರೆ ಇಂತಹ ಒಂದು ದೃಷ್ಟಾಂತವು ಲೋಕದ ಬಾಯಿಗೆ ಬಿದ್ದ ಕೂಡಲೇ ಅದು ಉಳಿದ ಸಾವಿರ ಮಂದಿಯ ಬೆನ್ನಿಗೆ ಬೀಳುವ ಚಾವಟಿಯಾಗಿ ಮಾರ್ಪಡುವುದನ್ನು ಕಂಡಿರುವುದರಿಂದ, ಅದನ್ನು ಮಾದರಿಯೆಂದು ಹೊಗಳಲು ನನಗೆ ಮನಸ್ಸಿಲ್ಲ.

ಇದಕ್ಕಿಂತ ನಮಗೆ ಹತ್ತಿರವಾದುದು ಕೆನಡಾ ದೇಶದ ಲಿನ್ ಜಾನ್ಸ್ಟನ್ ಅವರ ಕಥೆ. ಮ್ಯಾನಿಟೋಬಾ ಪ್ರಾಂತದ ಉತ್ತರದ ಕಾಡಿನಲ್ಲಿರುವ ಲಿನ್ ಲೇಕ್ ಎಂಬ ಗಣಿಯೂರಿನಲ್ಲಿ, ದಂತವೈದ್ಯನಾದ ಗಂಡನೊಡನೆ, ಇಬ್ಬರು ಎಳೆಯ ಮಕ್ಕಳನ್ನು ಕಟ್ಟಿಕೊಂಡು ಬಾಳುತ್ತ, ಅವರು 1979ರಲ್ಲಿ ‘ಫಾರ್ ಬೆಟರ್ ಆರ್ ಫಾರ್ ವರ್ಸ್’ ಎಂಬ ದಿನಪತ್ರಿಕೆಯ ಚಿತ್ರಮಾಲೆಯನ್ನು ಆರಂಭಿಸಿದರು. ರಾಜಧಾನಿಗಳಿಂದ ದೂರವಾದ, ಕಲ್ಲುಮಣ್ಣುಗಳನ್ನು ತೋಡಿ ಬದುಕುವ ಊರೊಂದರ ಅಡಿಗೆಮನೆಯಿಂದ ಹೊರಟ ಆ ಗೆರೆಗಳು ಲೋಕವನ್ನೆಲ್ಲ ಸುತ್ತಿದುವು. ವ್ಯಂಗ್ಯಚಿತ್ರಕಾರರಿಗೆ ಸಲ್ಲುವ ರೂಬೆನ್ ಪ್ರಶಸ್ತಿಯನ್ನು, 1985ನೆಯ ಸಾಲಿಗೆ, ಪಡೆದ ಪ್ರಥಮ ಮಹಿಳೆ ಅವರು. ಆ ಮಾಲೆಯ ಮಕ್ಕಳು ಓದುಗರ ಕಣ್ಣೆದುರಿಗೆ ವರುಷ ವರುಷಕ್ಕೂ ಬೆಳೆದು ದೊಡ್ಡವರಾದರು. ನಮ್ಮಲ್ಲಿ ಇದರ ಪಕ್ಕದಲ್ಲಿ ಇಡತಕ್ಕ ಹೆಸರು ಬೆಂಗಳೂರಿನ ಮಾಯಾ ಕಾಮತರದು. 1980ರ ದಶಕದ ಮಧ್ಯಭಾಗದಲ್ಲಿ ‘ಗೀತಾ’ ಎಂಬ ಕುಟುಂಬಜೀವನದ ಚಿತ್ರಮಾಲೆಯಿಂದ ಆರಂಭಿಸಿ, ಕ್ರಮೇಣ ರಾಜಕೀಯ ವ್ಯಂಗ್ಯಚಿತ್ರದ ಗಂಡಸರ ಕೋಟೆಯನ್ನು ಹೊಕ್ಕವರು ಅವರು. 2001ರಲ್ಲಿ, ಐವತ್ತರ ಪ್ರಾಯದಲ್ಲಿ ತೀರಿಕೊಂಡರು. ಬೆಂಗಳೂರಿನ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯು ರಾಜಕೀಯ ವ್ಯಂಗ್ಯಚಿತ್ರಕ್ಕಾಗಿ ಕೊಡುವ ಪ್ರಶಸ್ತಿಯು ಅವರ ಹೆಸರಿನಲ್ಲಿದೆ. ಮನೆಯನ್ನು ಬಿಡಿಸಿದ ಕೈಯೇ ಮಂತ್ರಿಗಳನ್ನೂ ಬಿಡಿಸಬಲ್ಲುದೆಂಬುದಕ್ಕೆ ಅವರ ವೃತ್ತಿಯೇ ಸಾಕ್ಷಿಯಾಗಿದೆಯಾದರೂ, ತಾಯಿಯಾದವಳು ಇನ್ನು ಮೇಲೆ ತಾಯ್ತನವನ್ನೇ ಚಿತ್ರಿಸತಕ್ಕದ್ದೆಂಬ ನಿರೀಕ್ಷೆ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಬಾವಿಯ ತಳದ ರಹಸ್ಯವನ್ನು ಬಿಡಿಸುತ್ತಿದ್ದವಳಿಗೆ, ಮಗುವಿನ ತುಂಟಾಟವನ್ನೇ ಕಂತು ಮಾಡಬಾರದೇ, ಎಷ್ಟು ಸುಲಭ ಎಂದು ಹೇಳುವವರಿಗೆ ಎರಡು ಸಂಗತಿ ತಿಳಿದಿಲ್ಲ. ಮಗುವಿನೊಡನೆ ಹಗಲಿರುಳು ಕಳೆದವಳಿಗೆ ಬಾವಿಯೇ ಬಿಡುಗಡೆಯಾಗಿರಬಹುದೆಂಬುದು ಒಂದು. ಕೂಸಿನ ಮುಖವನ್ನು ಲೋಕಕ್ಕೆ ಹಂಚಲು ಕೂಸು ಒಪ್ಪಿಗೆ ಕೊಟ್ಟಿಲ್ಲವೆಂಬುದು ಇನ್ನೊಂದು. ಜಾನ್ಸ್ಟನ್ ಅವರು ಕೂಡ ಪಾತ್ರಗಳಿಗೆ ಮಕ್ಕಳ ಬಳಕೆಯ ಹೆಸರನ್ನಿಡದೆ ನಡುಹೆಸರನ್ನು ಇಟ್ಟರು.

ಮುಂದಾಲೋಚನೆಯುಳ್ಳವರು ಇಲ್ಲಿ ಇನ್ನೊಂದು ಉಪಾಯವನ್ನು ಸೂಚಿಸುತ್ತಾರೆ: ಬಸುರಿಯಾಗಿರುವಾಗಲೇ ಹತ್ತಾರು ಕಂತುಗಳನ್ನು ಮುಗಿಸಿ ಕೂಡಿಟ್ಟುಕೊಂಡರೆ ಬಾಣಂತನದಲ್ಲಿ ಒಂದೊಂದಾಗಿ ಬಿಡಬಹುದಲ್ಲವೆ? ಈ ಕಸುಬಿನವರು ಹೀಗೆ ಕೂಡಿಡುವುದು ರೂಢಿಯೇ. ನಮ್ಮ ಸೀಮೆಯವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳಲ್ಲಿ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನುವ ತನಕ ಕಾಯುವವರು ನಾವು. ಆದರೆ ಅಟ್ಟದ ಕಾಯಿ ತಾನಾಗಿ ಒಣಗುತ್ತದೆ, ಚಿತ್ರಕಥೆಯ ಕಂತು ತಾನಾಗಿ ಬಿಡಿಸಿಕೊಳ್ಳುವುದಿಲ್ಲ. ಹತ್ತು ವಾರದ ಮುಂಗಡವನ್ನು ಕೂಡಿಡಬೇಕಾದರೆ ವಾಕರಿಕೆ, ಕಾಲೂತ, ಬೆನ್ನುನೋವುಗಳ ನಡುವೆ, ವಾರದ ಕಂತಿನ ಮೇಲೆ ಇನ್ನೊಂದು ಕಂತನ್ನು ದುಡಿಯಬೇಕು. ಅಂದರೆ ಬಾಣಂತನದ ಆಯಾಸವನ್ನು ತಪ್ಪಿಸಲೆಂದು ಬಸುರಿನ ಆಯಾಸವನ್ನು ಇಮ್ಮಡಿಸಬೇಕು. ಸಾಧ್ಯವಿದ್ದವರು ಮಾಡಲಿ. ಅದನ್ನು ಮಾಡದವಳು ಮೈಗಳ್ಳಿಯಲ್ಲ.

ಸರ್ಕಾರದ ಪಾಲನ್ನು ಕುರಿತು ಎರಡು ಮಾತು. 1961ರ ಹೆರಿಗೆ ಸೌಲಭ್ಯ ಅಧಿನಿಯಮವು 2017ರಲ್ಲಿ ತಿದ್ದುಪಡಿಯಾದಾಗ ಸಂಬಳಸಹಿತವಾದ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಮಂದಿಗೆ ಕಡಿಮೆಯಿಲ್ಲದ ಸಂಸ್ಥೆಗಳಲ್ಲಿ ಶಿಶುಪಾಲನೆಯ ವ್ಯವಸ್ಥೆ ಇರತಕ್ಕದ್ದೆಂದಾಯಿತು. ತನಗೆ ತಾನೇ ಯಜಮಾನಿಯಾದ ಚಿತ್ರಗಾರ್ತಿಯು ಆ ರಜೆಯನ್ನು ಯಾರಲ್ಲಿ ಬೇಡಬೇಕು? ಮಾತೃವಂದನಾ ಯೋಜನೆಯ ಷರತ್ತುಗಳಿಗೆ ಆಕೆ ಒಳಪಟ್ಟರೆ ಮೊದಲ ಮಗುವಿಗೆ 5,000 ರೂಪಾಯಿ ಬಂದೀತು. ಒಳ್ಳೆಯದೇ, ಆದರೆ ಅದು ವೇತನವಲ್ಲ. ಕರ್ನಾಟಕ ಸರ್ಕಾರವು ತನ್ನ 2023–24ರ ಆಯವ್ಯಯದಲ್ಲಿ ಘೋಷಿಸಿ, 4,000 ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕೈಗೊಂಡ ‘ಕೂಸಿನ ಮನೆ’ಯು ನನಗೆ ಬಹಳ ಮೆಚ್ಚಿಗೆಯಾದ ಯೋಜನೆ, ಮರದ ಜೋಲಿಯಲ್ಲಿ ಮಲಗುತ್ತಿದ್ದ ಕೂಸಿಗೆ ಸೂರು ಕೊಡುವ ಕೆಲಸವದು. ಕೂಲಿಯ ತಾಯಿಗೆ ಅಲ್ಲಿ ಮೊದಲ ಹಕ್ಕು. ಅದನ್ನು ಯಾರೂ ಕಸಿಯಬಾರದು. ಎಡೆ ಮಿಗುವ ಕಡೆಗಳಲ್ಲಿ, ಮನೆಯಲ್ಲಿಯೇ ಕುಳಿತು ದುಡಿಯುವ ಹೊಲಿಗೆಯವಳಿಗೆ, ಹೂ ಕಟ್ಟುವವಳಿಗೆ, ಗೆರೆಯೆಳೆಯುವವಳಿಗೆ ಕೂಡ ಅದರ ಬಾಗಿಲು ದಿನಕ್ಕೆ ಎರಡು ಗಂಟೆ ತೆರೆದರೆ, ಪಂಚಾಯಿತಿಯ ಗ್ರಂಥಾಲಯದಲ್ಲಿ ಆ ಎರಡು ಗಂಟೆ ಆಕೆಗೆ ಒಂದು ಮೇಜು ದೊರೆತರೆ, ಅಷ್ಟರಿಂದಲೇ ನಿಂತ ಕಂತುಗಳೆಷ್ಟೋ ಮರಳಿ ಹೊರಟಾವು.

ಏಕೆಂದರೆ ನಿಜವಾದ ಪರೀಕ್ಷೆ ಬಾಣಂತನ ಮುಗಿದ ಮೇಲೆ ಬರುತ್ತದೆ. ತವರಿನಲ್ಲಿ ಅಮ್ಮನಿದ್ದಳು, ಅಜ್ಜಿಯಿದ್ದಳು, ನೀರು ಕಾಯಿಸಲು, ಕೂಸಿಗೆ ಎರೆಯಲು ಕೈಗಳಿದ್ದುವು. ಐದನೆಯ ತಿಂಗಳಲ್ಲಿ ತೊಟ್ಟಿಲನ್ನು ಕಟ್ಟಿಕೊಂಡು ಗಂಡನ ಮನೆಗೆ ಹೊರಟವಳಿಗೆ ರಜೆಯ ಜೊತೆಗೆ ನೆರವೂ ಒಂದೇ ದಿನ ಮುಗಿದುಹೋಗುತ್ತದೆ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನಗಳ ಪಿತೃತ್ವ ರಜೆಯುಂಟು. ಅದನ್ನು ಪಡೆದವರಲ್ಲಿ ಎಷ್ಟು ಮಂದಿ ನಾಮಕರಣದ ಓಡಾಟಕ್ಕೇ ಅದನ್ನು ಕರಗಿಸುತ್ತಾರೋ ಅವರವರ ಮನೆಯವರೇ ಬಲ್ಲರು. ಚಿತ್ರಗಾರ್ತಿಯ ಗಂಡನಾದವನು ಮಾಡಬೇಕಾದ ಉಪಕಾರ ದೊಡ್ಡದಲ್ಲ. ದಿನದಲ್ಲಿ ಎರಡು ಗಂಟೆ, ಬಾಗಿಲು ಮುಚ್ಚಿದ ಕೋಣೆ, ಕೂಸು ಅತ್ತರೆ ಮೊದಲು ತಾನೇ ಎದ್ದುಹೋಗುವ ಅಭ್ಯಾಸ. ಇದಕ್ಕಿಂತ ಮುಖ್ಯವಾಗಿ, ಯಾರಾದರೂ ಬಂದು ನಿಮ್ಮಾಕೆ ಏನು ಮಾಡುತ್ತಿದ್ದಾರೆಂದು ಕೇಳಿದಾಗ “ಸುಮ್ಮನೆ ಏನೋ ಗೀಚುತ್ತಾಳೆ” ಎನ್ನದೆ “ಕೆಲಸದಲ್ಲಿದ್ದಾಳೆ” ಎಂದು ಹೇಳುವ ಸೌಜನ್ಯ. ಅತ್ತೆಯವರ ಮುಂದೆ ಈ ಮಾತನ್ನು ಹೇಳುವುದಕ್ಕೆ ಕೆಲವರಿಗೆ ಧೈರ್ಯ ಬೇಕಾದೀತು.

ಇನ್ನು ಓದುಗರೂ ಪತ್ರಿಕೆಗಳೂ. ಚಿತ್ರಕಥೆಯನ್ನು ಮೆಚ್ಚಿ ತಿಂಗಳಿಗೆ ಐವತ್ತೋ ನೂರೋ ರೂಪಾಯಿಯನ್ನು ಫೋನಿನಿಂದಲೇ ಕಳುಹಿಸುವ ಓದುಗರು ಈಗ ಅಲ್ಲಲ್ಲಿ ಇದ್ದಾರೆ. ಕಂತು ನಿಂತ ತಿಂಗಳಲ್ಲಿಯೂ ಅದನ್ನು ನಿಲ್ಲಿಸದಿದ್ದರೆ ಅದೇ ಆಕೆಯ ಹೆರಿಗೆ ಭತ್ಯ. ಪತ್ರಿಕೆಯ ತಾಣಕ್ಕಾಗಿ ಧಾರಾವಾಹಿಯನ್ನು ಬಿಡಿಸುವವಳಾದರೆ ದಾರಿ ಇನ್ನೂ ಸರಳ. ನಡುವೆ ಬಂದು ಸೇರಿಕೊಂಡ ಓದುಗರು ಯಾವ ಧಾರಾವಾಹಿಗೂ ಇದ್ದೇ ಇರುತ್ತಾರಾದ್ದರಿಂದ, ಆ ಆರು ತಿಂಗಳು ಮೊದಲ ಕಂತಿನಿಂದ ಮತ್ತೆ ಪ್ರಕಟಿಸುತ್ತ, ಪ್ರತಿಯೊಂದಕ್ಕೂ ಅರ್ಧ ಸಂಭಾವನೆಯನ್ನಾದರೂ ಸಲ್ಲಿಸುತ್ತ ಹೋಗಬಹುದು. ಇದು ಹಿಂದೆಂದೂ ನಡೆಯದ ಏರ್ಪಾಡೆಂದು ಯಾರೂ ಹೇಳುವಂತಿಲ್ಲ. 2008ರಲ್ಲಿ ಕಥೆಯನ್ನು ಮುಗಿಸಿದ ಲಿನ್ ಜಾನ್ಸ್ಟನ್ ಅವರು ಅದನ್ನು ಮೊದಲಿನಿಂದ ಮತ್ತೆ ಹೊರಡಿಸಿದಾಗ, ಒಮ್ಮೆ ಅಚ್ಚಾದ ಆ ಹಳೆಯ ಕಂತುಗಳನ್ನು ಪತ್ರಿಕೆಗಳು ಹಣ ಕೊಟ್ಟು ಮರುಮುದ್ರಿಸಿದುವು, ಓದುಗರು ಓದಿದರು. ಅಲ್ಲಿ ವರ್ಷಗಟ್ಟಲೆ ನಡೆದುದನ್ನು ಆರು ತಿಂಗಳ ಮಟ್ಟಿಗೆ ಇಲ್ಲಿ ನಡೆಸಲು ಅಡ್ಡಿಯೇನೆಂಬುದನ್ನು ಕನ್ನಡದ ಸಂಪಾದಕರೇ ಹೇಳಬೇಕು.